ಎಂಪರರ್ ಅಶೋಕ, 1978: ಕತ್ತಲ ಕಡಲ ಮೇಲೆ ಪೈಲಟ್‌ಗೆ ದಿಕ್ಕು ತಪ್ಪಿದ್ದು ಹೇಗೆ? (ಪದೇ ಪದೇ ಕೇಳುವ ಪ್ರಶ್ನೆಗಳು)

1978ರ ಹೊಸ ವರ್ಷದ ದಿನ ಬಾಂಬೆ ಕಡಲಿಗೆ ಬಿದ್ದ ‘ಎಂಪರರ್ ಅಶೋಕ’ ಎಂಬ ಏರ್ ಇಂಡಿಯಾ ಜಂಬೋ ಜೆಟ್ ಈಗ ಹೆಚ್ಚಿನವರಿಗೆ ನೆನಪಿಲ್ಲ. ನೆನಪಿರುವವರೂ ಎಷ್ಟೋ ಸಲ ಅದನ್ನು 1985ರ ಕನಿಷ್ಕ ದುರಂತದ ಜೊತೆ ಬೆರೆಸಿ ಹೇಳುತ್ತಾರೆ. ಎರಡೂ ಬೇರೆ ಬೇರೆ. ಕನಿಷ್ಕದಲ್ಲಿ ಬಾಂಬ್ ಇತ್ತು. ಅಶೋಕದಲ್ಲಿ ಇರಲಿಲ್ಲ. ಚೆನ್ನಾಗಿ ಹಾರುತ್ತಿದ್ದ ವಿಮಾನ ಎರಡು ನಿಮಿಷ ತುಂಬುವುದರೊಳಗೆ ನೀರಿಗೆ ಬಿತ್ತು. ಇದು ಹೇಗೆ ಸಾಧ್ಯ ಅಂತ ಕೇಳುವವರಿಗೆ ಇಲ್ಲಿ ಉತ್ತರ ಕೊಡುತ್ತಿದ್ದೇನೆ.

ಆ ರಾತ್ರಿ ಏನಾಯಿತು?

1978ರ ಜನವರಿ 1. ಏರ್ ಇಂಡಿಯಾದ 855ನೇ ಫ್ಲೈಟ್ ಬಾಂಬೆಯ ಸಾಂತಾಕ್ರೂಜ್ ವಿಮಾನ ನಿಲ್ದಾಣದಿಂದ ದುಬೈಗೆ ಹೊರಟಿತು. ಆಗ ರಾತ್ರಿ ಎಂಟೂ ಮುಕ್ಕಾಲರ ಹತ್ತಿರ. ವಿಮಾನದಲ್ಲಿ 190 ಪ್ರಯಾಣಿಕರು ಮತ್ತು 23 ಸಿಬ್ಬಂದಿ ಇದ್ದರು.

ಟೇಕಾಫ್ ಸರಿಯಾಗಿಯೇ ಆಯಿತು. ಪಶ್ಚಿಮಕ್ಕೆ ಏರಿದ ವಿಮಾನ ಕರಾವಳಿ ದಾಟಿ ಅರಬ್ಬಿ ಸಮುದ್ರದ ಮೇಲೆ ಬಂತು. ಅಲ್ಲಿ ನಿಗದಿಯಾದ ಹಾಗೆ ಬಲಕ್ಕೆ ಸ್ವಲ್ಪ ತಿರುಗಿತು. ತಿರುವು ಮುಗಿಸಿ ರೆಕ್ಕೆಗಳು ಸಮವಾದವು. ಅಲ್ಲಿಗೆ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ವಿಮಾನ ಎಡಕ್ಕೆ ವಾಲತೊಡಗಿತು, ವಾಲುತ್ತಲೇ ಹೋಯಿತು. ಎಡ ರೆಕ್ಕೆ ನೇರ ಕೆಳಗೆ ಬಂದು, ಅದನ್ನೂ ಮೀರಿ 108 ಡಿಗ್ರಿಯವರೆಗೆ ಹೊರಳಿತು. ಬಾಂದ್ರಾ ತೀರದಿಂದ ಸುಮಾರು 3 ಕಿಲೋಮೀಟರ್ ದೂರದಲ್ಲಿ, ಮೂತಿ ಕೆಳಗಾಗಿ ಸಮುದ್ರಕ್ಕೆ ಬಿತ್ತು. ನೆಲ ಬಿಟ್ಟು 101 ಸೆಕೆಂಡ್ ಆಗಿತ್ತು. 213 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

1996ರಲ್ಲಿ ಹರಿಯಾಣದ ಚರ್ಖಿ ದಾದ್ರಿ ಬಳಿ ಎರಡು ವಿಮಾನಗಳು ಆಕಾಶದಲ್ಲೇ ಡಿಕ್ಕಿಯಾಗಿ 349 ಜನ ಸಾಯುವವರೆಗೆ, ಭಾರತದಲ್ಲಿ ನಡೆದ ಅತಿ ದೊಡ್ಡ ವಿಮಾನ ದುರಂತ ಇದೇ ಆಗಿತ್ತು.

ವಿಮಾನ ಹಳೆಯದಾಗಿತ್ತಾ?

ಇಲ್ಲ. ಅದು ಬೋಯಿಂಗ್ 747. ಏರ್ ಇಂಡಿಯಾಗೆ 1971ರಲ್ಲಿ ಬಂದ ಮೊಟ್ಟಮೊದಲ ಜಂಬೋ. ಆಗ ಏರ್ ಇಂಡಿಯಾ ತನ್ನ 747ಗಳಿಗೆಲ್ಲ ರಾಜರ ಹೆಸರಿಡುತ್ತಿತ್ತು. ಇದಕ್ಕೆ ಎಂಪರರ್ ಅಶೋಕ ಅಂತ ಇಟ್ಟರು. ಏಳು ವರ್ಷದ ಜಂಬೋ ಅಂದರೆ ಹಳೆಯದೇನಲ್ಲ.

ಕನ್ನಡಿಗರಿಗೂ ಈ ವಿಮಾನಕ್ಕೂ ಏನು ನಂಟು?

ಆ ಫ್ಲೈಟ್‌ನಲ್ಲಿ ಯಾರ್ಯಾರು ಎಲ್ಲಿಯವರು ಅಂತ ನಾನಿಲ್ಲಿ ಬರೆಯುವುದಿಲ್ಲ. ಆದರೆ ಆ ದಾರಿ ನಮ್ಮ ಕರಾವಳಿಯವರಿಗೆ ಚೆನ್ನಾಗಿ ಗೊತ್ತಿದ್ದ ದಾರಿ. ಎಪ್ಪತ್ತರ ದಶಕದಲ್ಲಿ ಗಲ್ಫ್ ಕೆಲಸ ಅಂದರೆ ಮೊದಲು ಬಾಂಬೆ ಸೇರಬೇಕು, ಅಲ್ಲಿಂದ ವಿಮಾನ. ಮಂಗಳೂರು, ಉಡುಪಿ, ಭಟ್ಕಳ ಕಡೆಯವರು ಹಾಗೇ ಹೋಗುತ್ತಿದ್ದರು. ಬಜ್ಪೆಯಿಂದ ದುಬೈಗೆ ನೇರ ವಿಮಾನ ಶುರುವಾಗಿದ್ದು 2006ರಲ್ಲಿ. ಇನ್ನೊಂದು ನಂಟು ಬೆಂಗಳೂರಿನದು, ಅದು ಕೆಳಗೆ ಬರುತ್ತದೆ.

ಬಾಂಬ್ ಇಟ್ಟಿದ್ದರು ಅಂತ ಕೇಳಿದ್ದೆ. ನಿಜವಾ?

ಮೊದಲಿಗೆ ಆ ಅನುಮಾನ ಇತ್ತು. ಟೇಕಾಫ್ ಆದ ಎರಡೇ ನಿಮಿಷದಲ್ಲಿ, ಒಂದು ಮಾತೂ ಇಲ್ಲದೆ ವಿಮಾನ ಮಾಯವಾದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಆದರೆ ನೀರಿನಿಂದ ತೆಗೆದ ಅವಶೇಷಗಳಲ್ಲಿ ಸ್ಫೋಟದ ಗುರುತು ಸಿಗಲಿಲ್ಲ. ಆಕಾಶದಲ್ಲಿ ಬೆಂಕಿ ಹತ್ತಿದ ಗುರುತೂ ಇರಲಿಲ್ಲ. ಬ್ಲ್ಯಾಕ್ ಬಾಕ್ಸ್ ಸಿಕ್ಕಿತು, ಅದರಲ್ಲಿ ಕಾಕ್‌ಪಿಟ್ ಮಾತುಗಳಿದ್ದವು. ಆ ಮಾತುಗಳೇ ತನಿಖೆಯ ದಿಕ್ಕು ಬದಲಿಸಿದವು.

ಆ ಮಾತುಗಳಲ್ಲಿ ಏನಿತ್ತು?

ಇಡೀ ದುರಂತದಲ್ಲಿ ನನ್ನನ್ನು ಜಾಸ್ತಿ ಕಾಡುವ ಭಾಗ ಇದು. ನಿಧಾನವಾಗಿ ಹೇಳುತ್ತೇನೆ.

747ರ ಕಾಕ್‌ಪಿಟ್‌ನಲ್ಲಿ ಆಗ ಮೂವರು. ಎಡಗಡೆ ಕ್ಯಾಪ್ಟನ್, ಬಲಗಡೆ ಕೋ-ಪೈಲಟ್, ಹಿಂದೆ ಫ್ಲೈಟ್ ಇಂಜಿನಿಯರ್. ವಿಮಾನ ಎಷ್ಟು ವಾಲಿದೆ ಅಂತ ತೋರಿಸುವ ಉಪಕರಣಗಳೂ ಮೂರು. ಕ್ಯಾಪ್ಟನ್ ಎದುರು ಒಂದು, ಕೋ-ಪೈಲಟ್ ಎದುರು ಒಂದು, ಇಬ್ಬರ ನಡುವೆ ಸಣ್ಣದಾದ ಮೂರನೆಯದು.

ಬಲ ತಿರುವು ಮುಗಿದರೂ ಕ್ಯಾಪ್ಟನ್ ಎದುರಿನ ಉಪಕರಣ ‘ಇನ್ನೂ ಬಲಕ್ಕೆ ವಾಲಿದೆ’ ಅಂತಲೇ ತೋರಿಸುತ್ತಿತ್ತು. ಅದು ನಿಂತುಬಿಟ್ಟಿತ್ತು. ವಿಮಾನ ಸಮ ಮಾಡಬೇಕಲ್ಲ ಅಂತ ಅವರು ಎಡಕ್ಕೆ ತಿರುಗಿಸಿದರು. ಉಪಕರಣ ಬದಲಾಗಲಿಲ್ಲ. ಇನ್ನಷ್ಟು ಎಡಕ್ಕೆ ತಿರುಗಿಸಿದರು. ಸಮವಾಗಿದ್ದ ವಿಮಾನ ನಿಜಕ್ಕೂ ಎಡಕ್ಕೆ ಹೊರಳಿದ್ದು ಹಾಗೆ.

ಕ್ಯಾಪ್ಟನ್ ಆಶ್ಚರ್ಯದಿಂದ ತನ್ನ ಉಪಕರಣ ಕೆಟ್ಟಿದೆ ಅನ್ನುವ ಅರ್ಥದ ಮಾತಾಡಿದರು. ಕೋ-ಪೈಲಟ್ ‘ನನ್ನದೂ ಕೆಟ್ಟಿದೆ’ ಅನ್ನುವ ಅರ್ಥದ ಉತ್ತರ ಕೊಟ್ಟರು. ಆದರೆ ಅವರದು ಬಹುಶಃ ಸರಿಯಾಗಿಯೇ ಇತ್ತು. ಎಡಕ್ಕೆ ವಾಲಿದ್ದನ್ನು ಎಡಕ್ಕೆ ವಾಲಿದೆ ಅಂತಲೇ ತೋರಿಸುತ್ತಿತ್ತು. ಅಷ್ಟು ವಾಲಿರಲು ಸಾಧ್ಯವಿಲ್ಲ ಅಂತ ಅವರಿಗೆ ಅನ್ನಿಸಿರಬೇಕು. ಇತ್ತ ಕ್ಯಾಪ್ಟನ್ ‘ಇಬ್ಬರದೂ ಒಂದೇ ತೋರಿಸುತ್ತಿದೆ, ಅಂದರೆ ಬಲಕ್ಕೇ ವಾಲಿರಬೇಕು’ ಅಂತ ತಿಳಿದಿರಬಹುದು. ಒಬ್ಬರ ಉಪಕರಣ ಬಲ ಅನ್ನುತ್ತಿದೆ, ಇನ್ನೊಬ್ಬರದು ಎಡ ಅನ್ನುತ್ತಿದೆ. ಇಬ್ಬರೂ ಬಾಯಿ ಬಿಟ್ಟು ‘ಎಡ’, ‘ಬಲ’ ಅನ್ನಲಿಲ್ಲ.

ನೀರಿಗೆ ಬೀಳಲು ಐದು ಸೆಕೆಂಡ್ ಇದ್ದಾಗ ಹಿಂದೆ ಕೂತಿದ್ದ ಫ್ಲೈಟ್ ಇಂಜಿನಿಯರ್ ‘ಅದನ್ನು ನಂಬಿ ಹೋಗಬೇಡಿ’ ಅನ್ನುವ ಅರ್ಥದ ಮಾತು ಹೇಳಿದರು. ಮೂರನ್ನೂ ಒಟ್ಟಿಗೆ ನೋಡುವಂಥ ಜಾಗದಲ್ಲಿ ಇದ್ದವರು ಅವರೇ. ವ್ಯತ್ಯಾಸ ಅವರಿಗೆ ಕಂಡಿರಬೇಕು. ಆದರೆ ‘ಅದನ್ನು’ ಅಂದರೆ ಯಾವುದನ್ನು? ಯಾವುದನ್ನು ನಂಬಬೇಕು? ಯಾವ ಕಡೆ ತಿರುಗಿಸಬೇಕು? ಅದನ್ನೆಲ್ಲ ಹೇಳುವಷ್ಟು ಹೊತ್ತು ಉಳಿದಿರಲಿಲ್ಲ.

ಆ ಉಪಕರಣ ಯಾವುದು? ಅದು ಅಷ್ಟು ಮುಖ್ಯವಾ?

ಪೈಲಟ್‌ಗಳು ಅದನ್ನು ಎ.ಡಿ.ಐ. ಅನ್ನುತ್ತಾರೆ. ಕನ್ನಡದಲ್ಲಿ ಕೃತಕ ದಿಗಂತ ಅನ್ನಬಹುದು. ದುಂಡಗಿನ ಮುಖ, ಮೇಲರ್ಧ ನೀಲಿ, ಕೆಳಗರ್ಧ ಕಂದು. ನೀಲಿ ಅಂದರೆ ಆಕಾಶ, ಕಂದು ಅಂದರೆ ನೆಲ, ನಡುವಿನ ಗೆರೆ ದಿಗಂತ. ಮಧ್ಯದಲ್ಲಿ ಪುಟ್ಟ ವಿಮಾನದ ಗುರುತು. ಗೆರೆ ಓರೆಯಾದರೆ ವಿಮಾನ ವಾಲಿದೆ ಅಂತ. ಅದಕ್ಕೆ ಮಾಹಿತಿ ಕೊಡುವುದು ವೇಗವಾಗಿ ತಿರುಗುವ ಗೈರೋ ಎಂಬ ಚಕ್ರ. ವಿಮಾನ ಹೇಗೇ ಹೊರಳಿದರೂ ಗೈರೋ ತನ್ನ ದಿಕ್ಕು ಬಿಡುವುದಿಲ್ಲ.

ಹೊರಗೆ ಏನೂ ಕಾಣದಾಗ ಪೈಲಟ್‌ಗೆ ಇದೇ ಕಣ್ಣು. 1929ರಲ್ಲಿ ಅಮೆರಿಕದ ಜಿಮ್ಮಿ ಡೂಲಿಟಲ್ ಕಾಕ್‌ಪಿಟ್ ಮುಚ್ಚಿಕೊಂಡು, ಹೊರಗೆ ನೋಡದೆ ಟೇಕಾಫ್‌ನಿಂದ ಲ್ಯಾಂಡಿಂಗ್‌ವರೆಗೆ ಹಾರಿ ತೋರಿಸಿದರು. ಅದಕ್ಕೆ ಮುಖ್ಯವಾಗಿ ನೆರವಾಗಿದ್ದು ಈ ಉಪಕರಣದ ಮೊದಲ ರೂಪ. ರಾತ್ರಿ, ಮೋಡ, ಮಂಜಿನಲ್ಲಿ ವಿಮಾನ ಹಾರಾಟ ಮಾಮೂಲಿಯಾಗಿದ್ದು ಆಮೇಲೆ.

ಅಷ್ಟು ದೊಡ್ಡ ವಿಮಾನ ಮಗುಚುತ್ತಿದ್ದರೆ ಮೈಗೆ ಗೊತ್ತಾಗಲಿಲ್ವಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ಗೊತ್ತಾಗುವುದಿಲ್ಲ, ಅಥವಾ ತಪ್ಪಾಗಿ ಗೊತ್ತಾಗುತ್ತದೆ.

ನಾವು ನೆಟ್ಟಗೆ ನಿಂತಿದ್ದೇವಾ, ವಾಲಿದ್ದೇವಾ ಅಂತ ತಿಳಿಯಲು ಮೈಗೆ ಮೂರು ದಾರಿಗಳಿವೆ. ಕಣ್ಣು, ಒಳಕಿವಿ, ಮತ್ತೆ ಚರ್ಮ, ಸ್ನಾಯು, ಕೀಲುಗಳಿಗೆ ಸಿಗುವ ಒತ್ತಡ. ಇವುಗಳಲ್ಲಿ ಕಣ್ಣಿನದೇ ಮೇಲುಗೈ. ಕಣ್ಣಿಗೆ ಏನೂ ಕಾಣದಿದ್ದರೆ ಮಿದುಳು ಉಳಿದೆರಡನ್ನು ನಂಬುತ್ತದೆ. ಎಡವಟ್ಟು ಶುರುವಾಗುವುದು ಅಲ್ಲೇ.

ಒಳಕಿವಿಯಲ್ಲಿ ಮೂರು ಅರ್ಧವೃತ್ತದ ನಾಳಗಳಿವೆ, ಒಳಗೆ ದ್ರವ ಇದೆ. ತಲೆಯನ್ನು ತಿರುಗಿಸಿದರೆ ನಾಳ ತಿರುಗುತ್ತದೆ, ದ್ರವ ಸ್ವಲ್ಪ ಹಿಂದೆ ಉಳಿಯುತ್ತದೆ. ಆ ವ್ಯತ್ಯಾಸದಿಂದ ಸೂಕ್ಷ್ಮವಾದ ಕೂದಲುಗಳು ಬಾಗಿ, ‘ತಿರುಗುತ್ತಿದ್ದೇನೆ’ ಅಂತ ಮಿದುಳಿಗೆ ಸುದ್ದಿ ಹೋಗುತ್ತದೆ. ನಡೆಯುವುದಕ್ಕೆ, ಓಡುವುದಕ್ಕೆ, ಮರ ಹತ್ತುವುದಕ್ಕೆ ಇಷ್ಟು ಧಾರಾಳ ಸಾಕು. ಹಾರುವುದಕ್ಕೆ ಸಾಲದು. ಕಾರಣ ಎರಡು.

ಒಂದು, ತೀರಾ ನಿಧಾನವಾದ ತಿರುಗುವಿಕೆ ಅದಕ್ಕೆ ತಿಳಿಯುವುದೇ ಇಲ್ಲ. ಸೆಕೆಂಡಿಗೆ ಸುಮಾರು 2 ಡಿಗ್ರಿಗಿಂತ ನಿಧಾನವಾಗಿ ವಾಲಿದರೆ ಕಿವಿ ಸುಮ್ಮನಿರುತ್ತದೆ. ಲೆಕ್ಕ ಹಾಕಿ ನೋಡಿ. ಆ ವೇಗದಲ್ಲಿ 20 ಸೆಕೆಂಡಿಗೆ 40 ಡಿಗ್ರಿ ಆಯಿತು. ಪ್ರಯಾಣಿಕರ ವಿಮಾನ ಮಾಮೂಲಿ ತಿರುವಿನಲ್ಲಿ 25–30 ಡಿಗ್ರಿಗಿಂತ ಜಾಸ್ತಿ ವಾಲುವುದಿಲ್ಲ.

ಎರಡು, ಒಂದೇ ಸಮನೆ ತಿರುಗುತ್ತಿದ್ದರೆ ಹತ್ತಿಪ್ಪತ್ತು ಸೆಕೆಂಡಿನಲ್ಲಿ ದ್ರವವೂ ನಾಳದ ವೇಗಕ್ಕೆ ಹೊಂದಿಕೊಳ್ಳುತ್ತದೆ. ಆಗ ತಿರುಗುತ್ತಿರುವ ಅನುಭವವೇ ನಿಂತುಹೋಗುತ್ತದೆ. ಆಮೇಲೆ ತಿರುಗುವುದು ನಿಂತರೆ, ಉಲ್ಟಾ ದಿಕ್ಕಿಗೆ ತಿರುಗಿದ ಹಾಗೆ ಅನ್ನಿಸುತ್ತದೆ. ಮಕ್ಕಳು ಅಂಗಳದಲ್ಲಿ ಗಿರಗಿರ ಸುತ್ತಿ ದಿಢೀರ್ ನಿಂತಾಗ ಮನೆ, ಮರ ಎಲ್ಲ ತಿರುಗುವುದು ಇದರಿಂದಲೇ. ಮಕ್ಕಳಿಗೆ ಕಾಲ ಕೆಳಗೆ ನೆಲ ಇರುತ್ತದೆ, ಎರಡು ಕ್ಷಣದಲ್ಲಿ ಸರಿಯಾಗುತ್ತದೆ. ಕತ್ತಲಲ್ಲಿ ಹಾರುವ ಪೈಲಟ್ ಸಮವಾಗಿರುವ ವಿಮಾನವನ್ನೇ ವಾಲಿದೆ ಅಂದುಕೊಂಡು ‘ಸರಿಪಡಿಸಲು’ ಹೋಗುತ್ತಾರೆ.

ಇನ್ನು ಮೈಗೆ ಸಿಗುವ ಒತ್ತಡ. ಸರಿಯಾಗಿ ಮಾಡಿದ ತಿರುವಿನಲ್ಲಿ ವಿಮಾನ 30 ಡಿಗ್ರಿ ವಾಲಿದರೂ ಭಾರ ಸೀಟಿನ ಕಡೆಗೇ ನೇರವಾಗಿ ಒತ್ತುತ್ತದೆ. ಪಕ್ಕಕ್ಕೆ ಜಾರಿದ ಹಾಗೆ ಅನ್ನಿಸುವುದಿಲ್ಲ. ಮೈ ‘ನೆಟ್ಟಗೇ ಇದ್ದೇನೆ’ ಅನ್ನುತ್ತದೆ.

ಹಾಗಾದರೆ ಕೆಟ್ಟಿದ್ದು ಉಪಕರಣವಾ, ಕಿವಿಯಾ?

ಎರಡೂ ಒಂದೇ ಹೊತ್ತಿಗೆ ಕೈಕೊಟ್ಟವು. ಉಪಕರಣ ಸುಳ್ಳು ಹೇಳುವಾಗ ಅದು ಸುಳ್ಳು ಅಂತ ಹೇಳುವ ಸಾಕ್ಷಿ ಬೇಕು. ಹಗಲಾಗಿದ್ದರೆ ಕಿಟಕಿ ಆಚೆಯ ದಿಗಂತ ಆ ಸಾಕ್ಷಿ ಆಗುತ್ತಿತ್ತು. ಕ್ಯಾಪ್ಟನ್ ಒಂದು ಸಲ ತಲೆ ಎತ್ತಿ ನೋಡಿದ್ದರೂ ಸಾಕಿತ್ತು. ಕತ್ತಲಲ್ಲಿ ಉಳಿದಿದ್ದು ಕಿವಿ ಮಾತ್ರ. ಆ ಕಿವಿ ಸಾಕ್ಷಿ ಹೇಳಲು ಬರದ ಕಿವಿ.

ಸಮುದ್ರದ ಮೇಲೇ ಹೀಗೆ ಜಾಸ್ತಿ ಆಗುವುದು ಯಾಕೆ?

ನೆಲದ ಮೇಲಾದರೆ ರಾತ್ರಿಯಲ್ಲೂ ಊರು, ರಸ್ತೆ, ಹೆದ್ದಾರಿಯ ದೀಪಗಳು ಕಾಣುತ್ತವೆ. ದೀಪಗಳ ಸಾಲು ಓರೆಯಾದರೆ ವಾಲಿದ್ದೇವೆ ಅಂತ ತಿಳಿಯುತ್ತದೆ. ಸಮುದ್ರದ ಮೇಲೆ ನೀರು ಯಾವುದು, ಆಕಾಶ ಯಾವುದು ಅಂತ ಗೆರೆಯೇ ಇರುವುದಿಲ್ಲ. ಕೆಲವು ಸಲ ಮೀನುಗಾರರ ದೋಣಿ ದೀಪಗಳು ನಕ್ಷತ್ರದ ಹಾಗೆ ಕಂಡು ಇನ್ನಷ್ಟು ಗೊಂದಲ ಮಾಡುತ್ತವೆ.

ಬಾಂಬೆಯಲ್ಲಿ ಆ ಸಂಜೆ ಸೂರ್ಯ ಮುಳುಗಿ ಎರಡು ಗಂಟೆ ದಾಟಿತ್ತು. ಕೃಷ್ಣಪಕ್ಷ, ಚಂದ್ರ ಹುಟ್ಟಲು ನಡುರಾತ್ರಿ ಆಗಬೇಕಿತ್ತು. ನಗರದ ದೀಪಗಳೆಲ್ಲ ಬೆನ್ನ ಹಿಂದೆ. ಜುಹು ತೀರ ದಾಟಿದ ಮೇಲೆ ಮುಂದಿನ ಗಾಜಿನಲ್ಲಿ ಕಪ್ಪು ಬಿಟ್ಟು ಏನೂ ಇಲ್ಲ. ಕಡಲ ತೀರದ ವಿಮಾನ ನಿಲ್ದಾಣಗಳಲ್ಲಿ ರಾತ್ರಿ ಟೇಕಾಫ್ ಅಂದರೆ ಹೀಗೇ. ಝಗಮಗ ಬೆಳಕಿನಿಂದ ಒಂದೇ ಸಲಕ್ಕೆ ಕತ್ತಲಿಗೆ ನುಗ್ಗಿದ ಹಾಗೆ.

ಹಗಲಲ್ಲಿ ಈ ಅಪಾಯ ಇಲ್ವಾ?

ಮೋಡದೊಳಗೆ ಹೊಕ್ಕರೆ ಹಗಲೂ ರಾತ್ರಿಯೂ ಒಂದೇ. 2007ರ ಜನವರಿ 1ರಂದು ಇಂಡೋನೇಷ್ಯಾದ ಆಡಮ್ ಏರ್ 574 ಹಗಲು ಹೊತ್ತಿನಲ್ಲೇ ಮಕಾಸರ್ ಜಲಸಂಧಿಗೆ ಬಿತ್ತು, 102 ಜನ ಹೋದರು. ದಾರಿ ತೋರಿಸುವ ಉಪಕರಣ ತೊಂದರೆ ಕೊಡುತ್ತಿತ್ತು, ಇಬ್ಬರೂ ಪೈಲಟ್‌ಗಳು ಅದನ್ನು ಸರಿ ಮಾಡುವುದರಲ್ಲಿ ಮುಳುಗಿದ್ದರು. ಆ ಗಡಿಬಿಡಿಯಲ್ಲಿ ಆಟೋಪೈಲಟ್ ಕಳಚಿಕೊಂಡಿತು. ವಿಮಾನ ಮೆಲ್ಲಗೆ ಬಲಕ್ಕೆ ವಾಲುತ್ತಾ ಹೋಗಿದ್ದು ಅವರ ಗಮನಕ್ಕೆ ಬಂದಾಗ ತಡವಾಗಿತ್ತು.

ಬೇರೆ ಮೀಟರ್‌ಗಳನ್ನು ನೋಡಿ ಸತ್ಯ ತಿಳಿಯಬಹುದಿತ್ತಲ್ಲ?

ತಿಳಿಯಬಹುದಿತ್ತು. ತನಿಖಾ ವರದಿ ಬೊಟ್ಟು ಮಾಡಿದ್ದೂ ಅದನ್ನೇ. ಕ್ಯಾಪ್ಟನ್ ಎದುರಿನ ಉಪಕರಣ ಕೆಟ್ಟ ಮೇಲೆ ಉಳಿದ ಉಪಕರಣಗಳಿಂದ ವಿಮಾನವನ್ನು ಹತೋಟಿಗೆ ತರಬಹುದಿತ್ತು, ತರಲಿಲ್ಲ ಅಂತ ಅದು ಹೇಳಿತು.

ಹೇಗೆ ಅಂತ ನೋಡಿ. ವಿಮಾನ ನಿಜಕ್ಕೂ ಬಲಕ್ಕೆ ವಾಲಿದ್ದರೆ ದಿಕ್ಸೂಚಿ ‘ಬಲಕ್ಕೆ ತಿರುಗುತ್ತಿದ್ದೇವೆ’ ಅಂತ ತೋರಿಸಬೇಕು. ಅದು ‘ಎಡಕ್ಕೆ’ ಅಂತ ತೋರಿಸುತ್ತಿದ್ದರೆ ಎ.ಡಿ.ಐ. ತಪ್ಪು. ನಡುವಿನ ಸಣ್ಣ ಉಪಕರಣ ಯಾರ ಕಡೆಗಿದೆ ಅಂತ ನೋಡಿದರೆ ಎರಡು ಸಾಕ್ಷಿ ಒಂದು ಕಡೆ, ಒಂದು ಸಾಕ್ಷಿ ಇನ್ನೊಂದು ಕಡೆ. ಎತ್ತರ ಇಳಿಯುತ್ತಿದೆಯಾ, ವೇಗ ಏರುತ್ತಿದೆಯಾ ಅನ್ನುವುದೂ ಸುಳಿವು.

ಕುರ್ಚಿಯಲ್ಲಿ ಕೂತು ಓದುವಾಗ ಇದು ಸುಲಭ. ವಿಮಾನ ಇನ್ನೂ ತಗ್ಗಿನಲ್ಲಿದೆ, ಕೈಯಲ್ಲಿ ನಿಮಿಷಗಳಿಲ್ಲ, ಸೆಕೆಂಡುಗಳಿವೆ. ಇಷ್ಟು ವರ್ಷ ನಂಬಿದ ಉಪಕರಣ ಎದುರಿಗೇ ಇದೆ. ಪಕ್ಕದವರು ತಮ್ಮದೂ ಕೆಟ್ಟಿದೆ ಅಂದಿದ್ದಾರೆ. ಇದು ಪೈಲಟ್‌ಗಳ ಪರ ವಕಾಲತ್ತಲ್ಲ. ಮೂರೂ ಉಪಕರಣಗಳನ್ನು ತಾಳೆ ನೋಡುವುದು ಅಭ್ಯಾಸವಾಗಿ ರಕ್ತಕ್ಕೆ ಇಳಿದಿರಬೇಕು, ಆ ಕ್ಷಣದಲ್ಲಿ ಯೋಚಿಸಿ ಮಾಡುವ ಕೆಲಸ ಅದಲ್ಲ ಅಂತಷ್ಟೇ ಹೇಳುತ್ತಿದ್ದೇನೆ.

ಕ್ಯಾಪ್ಟನ್‌ಗೆ ಅನುಭವ ಕಡಿಮೆ ಇತ್ತಾ?

ಖಂಡಿತ ಇಲ್ಲ. ಸುಮಾರು 18,000 ಗಂಟೆ ಹಾರಿದ್ದರು, ಎರಡು ದಶಕಗಳಿಂದ ಏರ್ ಇಂಡಿಯಾದಲ್ಲಿದ್ದರು. ಕೋ-ಪೈಲಟ್ ವಾಯುಪಡೆಯಿಂದ ಬಂದವರು. ಫ್ಲೈಟ್ ಇಂಜಿನಿಯರ್‌ಗೂ ಸಾವಿರಾರು ಗಂಟೆಗಳ ಅನುಭವ. ಅನುಭವದಿಂದ ಒಳಕಿವಿ ಬದಲಾಗುವುದಿಲ್ಲ. ಹೊಸಬರಿಗೂ ಹಳಬರಿಗೂ ಕಿವಿ ಹೇಳುವ ಸುಳ್ಳು ಒಂದೇ.

ತಪ್ಪು ಯಾರದು ಅಂತ ತೀರ್ಮಾನವಾಯಿತು?

ಎ.ಡಿ.ಐ. ಕೈಕೊಟ್ಟ ಮೇಲೆ ವಿಮಾನ ಯಾವ ಭಂಗಿಯಲ್ಲಿದೆ ಅನ್ನುವ ಅರಿವೇ ಕ್ಯಾಪ್ಟನ್‌ಗೆ ತಪ್ಪಿತು, ಹಾಗಾಗಿ ಅವರು ಕೊಟ್ಟ ತಪ್ಪು ಚಾಲನೆಯೇ ದುರಂತಕ್ಕೆ ಕಾರಣ ಅಂತ ಭಾರತದ ತನಿಖೆ ಹೇಳಿತು. ಸತ್ತವರ ಕಡೆಯವರು ಅಮೆರಿಕದಲ್ಲಿ ವಿಮಾನ ತಯಾರಿಸಿದ ಬೋಯಿಂಗ್ ಮತ್ತು ಉಪಕರಣ ತಯಾರಕರ ಮೇಲೆ ದಾವೆ ಹೂಡಿದರು. 1985ರಲ್ಲಿ ಸಿಯಾಟಲ್‌ನ ಫೆಡರಲ್ ಕೋರ್ಟ್ ಕಂಪನಿಗಳ ಪರ ತೀರ್ಪು ಕೊಟ್ಟಿತು. ಅವರ ನಿರ್ಲಕ್ಷ್ಯ ಸಾಬೀತಾಗಿಲ್ಲ ಅಂದಿತು. ಸತ್ತವರ ಮನೆಯವರು ಏಳೂವರೆ ವರ್ಷಕ್ಕೂ ಜಾಸ್ತಿ ಕಾದಿದ್ದು ಇಷ್ಟಕ್ಕೆ.

ಇದೇ ಥರ ಮತ್ತೆ ಎಲ್ಲಾದರೂ ಆಗಿದೆಯಾ?

ಆಗಿದೆ. ಮೂರನ್ನು ಹೇಳುತ್ತೇನೆ.

1999ರ ಡಿಸೆಂಬರ್ 22, ಲಂಡನ್ ಬಳಿಯ ಸ್ಟಾನ್‌ಸ್ಟೆಡ್. ಕೊರಿಯನ್ ಏರ್‌ನ ಸರಕು ವಿಮಾನ, ಅದೂ 747. ಇದು ಸಮುದ್ರದ ಮೇಲಲ್ಲ. ಆದರೆ ಅಶೋಕದ ಕಥೆಯೇ ಮರುಕಳಿಸಿದ ಹಾಗಿದೆ. ಸಂಜೆಗತ್ತಲು, ಮೋಡ. ಕ್ಯಾಪ್ಟನ್ ಎದುರಿನ ಎ.ಡಿ.ಐ. ವಾಲುವಿಕೆ ತೋರಿಸುತ್ತಿಲ್ಲ. ಹಿಂದಿನ ಹಾರಾಟದಲ್ಲೇ ಆ ದೋಷ ಕಂಡಿತ್ತು, ರಿಪೇರಿ ಸರಿಯಾಗಿ ಆಗಿರಲಿಲ್ಲ. ಎಡಕ್ಕೆ ತಿರುಗಿಸಿದರು. ಉಪಕರಣ ಅಲುಗದ ಕಾರಣ ಇನ್ನೂ ಇನ್ನೂ ತಿರುಗಿಸಿದರು. ಎಚ್ಚರಿಕೆ ಗಂಟೆ ಬಡಿಯಿತು. ಫ್ಲೈಟ್ ಇಂಜಿನಿಯರ್ ‘ಬ್ಯಾಂಕ್, ಬ್ಯಾಂಕ್’ (ವಿಮಾನ ವಾಲಿದೆ) ಅಂತ ಕೂಗಿ ಹೇಳಿದರು. ಕೋ-ಪೈಲಟ್ ಎದುರಿನ ಉಪಕರಣ ಸರಿಯಾಗಿಯೇ ಇತ್ತು. ಅವರು ಒಂದು ಮಾತೂ ಆಡಲಿಲ್ಲ. ಟೇಕಾಫ್ ಆಗಿ 55 ಸೆಕೆಂಡಿಗೆ ವಿಮಾನ ನೆಲಕ್ಕಪ್ಪಳಿಸಿತು. ನಾಲ್ವರು ಸತ್ತರು. ಅಶೋಕ ಬಿದ್ದು 22 ವರ್ಷ ಆಗುತ್ತಾ ಬಂದಿತ್ತು. ಅದೇ ಮಾದರಿ ವಿಮಾನ, ಅದೇ ಉಪಕರಣ, ಹಿಂದೆ ಕೂತವರಿಗೆ ಕಂಡ ಸತ್ಯ ಮುಂದಿದ್ದವರನ್ನು ಮುಟ್ಟಲಿಲ್ಲ. ಇದನ್ನು ಓದಿದಾಗ ನನಗೆ ಬಂದದ್ದು ದುಃಖಕ್ಕಿಂತ ಸಿಟ್ಟು.

2004ರ ಜನವರಿ 3, ಈಜಿಪ್ಟಿನ ಶರ್ಮ್ ಎಲ್ ಶೇಖ್. ಫ್ಲ್ಯಾಶ್ ಏರ್‌ಲೈನ್ಸ್ 604, ಬೋಯಿಂಗ್ 737. ಬೆಳಕು ಹರಿಯುವ ಮುಂಚೆ ಹೊರಟು ಕೆಂಪು ಸಮುದ್ರದ ಮೇಲೆ ಎಡಕ್ಕೆ ತಿರುಗಬೇಕಿತ್ತು, ಬಲಕ್ಕೆ ವಾಲಿತು. ಕೋ-ಪೈಲಟ್ ಬಲಕ್ಕೆ ತಿರುಗುತ್ತಿದೆ ಅಂದರು. ಬಲಕ್ಕಾ, ಹೇಗೆ ಅಂತ ಕ್ಯಾಪ್ಟನ್ ಅಚ್ಚರಿಪಟ್ಟರು. 148 ಜನ ಹೋದರು, ಹೆಚ್ಚಿನವರು ಫ್ರಾನ್ಸ್‌ನ ಪ್ರವಾಸಿಗರು. ಈಜಿಪ್ಟಿನ ತನಿಖೆ ಖಚಿತ ಕಾರಣ ಹೇಳಲಿಲ್ಲ. ಅಮೆರಿಕ ಮತ್ತು ಫ್ರಾನ್ಸ್‌ನ ತನಿಖಾ ಸಂಸ್ಥೆಗಳು ಕ್ಯಾಪ್ಟನ್‌ಗೆ ದಿಕ್ಕು ತಪ್ಪಿತ್ತು ಅಂದವು.

ಮೂರನೆಯದು 2000ದ ಆಗಸ್ಟ್ 23ರ ಗಲ್ಫ್ ಏರ್ 072. ಕೈರೋದಿಂದ ಬಂದ ಏರ್‌ಬಸ್ ಎ320, ಬಹರೇನ್ ತೀರದ ಸಮುದ್ರಕ್ಕೆ ಬಿತ್ತು, 143 ಜನ ಸತ್ತರು. ಇಲ್ಲಿ ಆದ ಭ್ರಮೆಯೇ ಬೇರೆ.

ಬೇರೆ ಭ್ರಮೆ ಅಂದರೆ?

ಒಳಕಿವಿಯಲ್ಲಿ ನಾಳಗಳ ಪಕ್ಕದಲ್ಲೇ ಇನ್ನೊಂದು ಭಾಗ ಇದೆ. ಅಂಟಿನಂಥ ಪದರದ ಮೇಲೆ ಸಣ್ಣ ಸಣ್ಣ ಹರಳುಗಳು. ತಲೆ ಹಿಂದಕ್ಕೆ ಬಾಗಿದರೆ ಹರಳು ಹಿಂದಕ್ಕೆ ಜಾರುತ್ತವೆ. ವಿಮಾನ ಜೋರಾಗಿ ಮುಂದಕ್ಕೆ ನುಗ್ಗಿದರೂ ಹಿಂದಕ್ಕೇ ಜಾರುತ್ತವೆ. ಕಿವಿಗೆ ಇವೆರಡರ ವ್ಯತ್ಯಾಸ ಗೊತ್ತಾಗುವುದಿಲ್ಲ.

ಗಲ್ಫ್ ಏರ್ ವಿಮಾನ ಲ್ಯಾಂಡ್ ಆಗದೆ ಮತ್ತೆ ಏರಲು ಪೂರ್ತಿ ಶಕ್ತಿ ಹಾಕಿತ್ತು, ಮುಂದೆ ಕತ್ತಲ ಸಮುದ್ರ. ಆ ವೇಗಕ್ಕೆ ಕ್ಯಾಪ್ಟನ್‌ಗೆ ಮೂತಿ ತೀರಾ ಮೇಲೆದ್ದ ಹಾಗೆ ಅನ್ನಿಸಿರಬೇಕು. ಅವರು ಮೂತಿ ಕೆಳಕ್ಕೆ ಒತ್ತಿದರು. ನೆಲ ಹತ್ತಿರ ಬಂತು ಅಂತ ಎಚ್ಚರಿಕೆ ಕೂಗುತ್ತಿದ್ದರೂ ಬೇಕಾದಷ್ಟು ಮೇಲೆತ್ತಲಿಲ್ಲ.

ಏರ್ ಫ್ರಾನ್ಸ್ 447 ಕೂಡ ಇದೇ ಸಾಲಿಗೆ ಸೇರುತ್ತಾ?

ಪೂರ್ತಿ ಅಲ್ಲ. 2009ರಲ್ಲಿ ಅಟ್ಲಾಂಟಿಕ್‌ಗೆ ಬಿದ್ದ ಆ ವಿಮಾನದಲ್ಲಿ ವೇಗ ಅಳೆಯುವ ಕೊಳವೆಗಳಲ್ಲಿ ಮಂಜುಗಡ್ಡೆ ಕಟ್ಟಿತು, ಆಟೋಪೈಲಟ್ ಬಿಟ್ಟಿತು. ಪೈಲಟ್ ಮೂತಿ ಎತ್ತಿ ಹಿಡಿದೇ ಇದ್ದ ಕಾರಣ ವಿಮಾನ ಸ್ಟಾಲ್ ಆಯಿತು, ಅಂದರೆ ರೆಕ್ಕೆಗಳಿಗೆ ಅದನ್ನು ಎತ್ತಿ ಹಿಡಿಯಲು ಆಗಲಿಲ್ಲ. ಏನಾಗುತ್ತಿದೆ ಅಂತ ಅವರಿಗೆ ಅರ್ಥವಾಗಲಿಲ್ಲ ನಿಜ, ಆದರೆ ಮೂಲ ಕಾರಣ ಒಳಕಿವಿಯ ಭ್ರಮೆಯಲ್ಲ.

ಮಂಗಳೂರಿನ 2010ರ ದುರಂತ?

ಅದೂ ಬೇರೆಯೇ. 158 ಜನರನ್ನು ಬಲಿ ತೆಗೆದುಕೊಂಡ ಆ ಅಪಘಾತ ಆಗಿದ್ದು ಬೆಳಗಿನ ಬೆಳಕಿನಲ್ಲಿ. ಎತ್ತರದಿಂದ ಬಂದು ರನ್‌ವೇಯಲ್ಲಿ ತುಂಬಾ ಮುಂದೆ ಇಳಿದ ವಿಮಾನ ಗುಡ್ಡದ ತುದಿ ದಾಟಿ ಕಣಿವೆಗೆ ಬಿತ್ತು. ದಿಕ್ಕು ತಪ್ಪಿದ ಮಾತೇ ಅಲ್ಲಿಲ್ಲ. ಒಂದು ವಿಷಯದಲ್ಲಿ ಮಾತ್ರ ಹೋಲಿಕೆ ಇದೆ. ಲ್ಯಾಂಡಿಂಗ್ ಬಿಟ್ಟು ಮತ್ತೆ ಮೇಲಕ್ಕೆ ಹೋಗೋಣ ಅಂತ ಕೋ-ಪೈಲಟ್ ಒಂದಲ್ಲ, ಮೂರು ಸಲ ಹೇಳಿದ್ದರು.

ಸಣ್ಣ ವಿಮಾನಗಳಲ್ಲೂ ಹೀಗಾಗುತ್ತಾ?

ಅಲ್ಲಿ ಇನ್ನೂ ಜಾಸ್ತಿ. ಅಮೆರಿಕ ಅಧ್ಯಕ್ಷ ಕೆನಡಿಯ ಮಗ ಜಾನ್ ಎಫ್. ಕೆನಡಿ ಜೂನಿಯರ್ 1999ರ ಜುಲೈ 16ರ ರಾತ್ರಿ ಮಬ್ಬು ಕವಿದ ಸಮುದ್ರದ ಮೇಲೆ ಹಾರುವಾಗ ವಿಮಾನ ಸುರುಳಿಯಾಗಿ ನೀರಿಗೆ ಬಿತ್ತು, ಮೂವರು ಸತ್ತರು. ಉಪಕರಣ ನೋಡಿಕೊಂಡು ಹಾರುವ ಅರ್ಹತೆ ಅವರಿಗೆ ಇನ್ನೂ ಸಿಕ್ಕಿರಲಿಲ್ಲ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಅಂಥ ತರಬೇತಿ ಇಲ್ಲದ 20 ಜನರಿಗೆ ಹೊರಗಿನ ನೋಟ ಮುಚ್ಚಿ ಹಾರಿಸಿ ನೋಡಿದ್ದರು. ಇಪ್ಪತ್ತೂ ಜನ ಹತೋಟಿ ಕಳೆದುಕೊಂಡರು. ಅದಕ್ಕೆ ಹಿಡಿದದ್ದು ಸರಾಸರಿ 178 ಸೆಕೆಂಡ್.

ಈಗಿನ ವಿಮಾನಗಳು ಇದನ್ನು ತಡೆಯುತ್ತವಾ?

ಬಹಳಷ್ಟು ಮಟ್ಟಿಗೆ. ಏರ್‌ಬಸ್‌ನ ಕಂಪ್ಯೂಟರ್‌ಗಳು ಮಾಮೂಲಿ ಸ್ಥಿತಿಯಲ್ಲಿ 67 ಡಿಗ್ರಿಗಿಂತ ಜಾಸ್ತಿ ವಾಲಲು ಬಿಡುವುದಿಲ್ಲ. ಬೋಯಿಂಗ್ ವಿಮಾನಗಳು ‘ಬ್ಯಾಂಕ್ ಆ್ಯಂಗಲ್’ ಅಂತ ಕೂಗಿ ಎಚ್ಚರಿಸುತ್ತವೆ. ಅಂಗೈಯಗಲದ ಉಪಕರಣದ ಜಾಗದಲ್ಲಿ ದೊಡ್ಡ ಪರದೆ ಬಂದಿದೆ, ಎರಡು ಕಡೆಯ ಮಾಹಿತಿ ಹೊಂದದಿದ್ದರೆ ಅದೇ ಹೇಳುತ್ತದೆ. ಆದರೆ ಗಲ್ಫ್ ಏರ್ 072 ಕೂಡ ಏರ್‌ಬಸ್ಸೇ, ಆಡಮ್ ಏರ್‌ನಲ್ಲೂ ‘ಬ್ಯಾಂಕ್ ಆ್ಯಂಗಲ್’ ಅಂತ ಕೂಗಿತ್ತು. ಯಂತ್ರ ಕೂಗಿದ್ದನ್ನು ಕೇಳಿ ಸರಿಯಾದ ಕಡೆಗೆ ತಿರುಗಿಸಬೇಕಾದವರು ಮನುಷ್ಯರೇ.

ಪೈಲಟ್‌ಗಳಿಗೆ ಏನು ಕಲಿಸುತ್ತಾರೆ?

ಮೊದಲ ಪಾಠ ಅನುಭವದಿಂದಲೇ. ತಿರುಗುವ ಕುರ್ಚಿಯಲ್ಲಿ ಕಣ್ಣು ಮುಚ್ಚಿಸಿ ಕೂರಿಸುತ್ತಾರೆ. ಕುರ್ಚಿ ನಿಂತ ಮೇಲೂ ‘ಉಲ್ಟಾ ತಿರುಗುತ್ತಿದ್ದೇನೆ’ ಅಂತ ಕೂತವರು ಕೈ ತೋರಿಸುತ್ತಾರೆ. ಕಣ್ಣು ಬಿಟ್ಟಾಗ ಎಷ್ಟೋ ಜನರಿಗೆ ನಂಬಲಾಗುವುದಿಲ್ಲ. ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿರುವ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ 1957ರಿಂದ ಈ ವಿದ್ಯೆಯ ಮನೆ. ಅಲ್ಲಿ ಇದಕ್ಕೆಂದೇ ಸಿಮ್ಯುಲೇಟರ್ ಇದೆ. ವಾಯುಪಡೆಯ ಪೈಲಟ್‌ಗಳು ಅದರಲ್ಲಿ ಕೂತು ಮೈ ಹೇಳುವ ಸುಳ್ಳನ್ನು ಅನುಭವಿಸಿ, ಉಪಕರಣ ನೋಡಿ ಹೊರಬರುವುದನ್ನು ಕಲಿಯುತ್ತಾರೆ. ಗಗನಯಾನದ ಯಾನಿಗಳ ಆಯ್ಕೆ ಪರೀಕ್ಷೆ ನಡೆದದ್ದೂ ಇಲ್ಲೇ.

ಎರಡನೆಯ ಪಾಠ ಮಾತಿನದು. ನನ್ನ ಲೆಕ್ಕದಲ್ಲಿ ಇದೇ ದೊಡ್ಡದು. ‘ಸರ್, ಏನೋ ಸರಿಯಿಲ್ಲ’, ‘ಅದನ್ನು ನಂಬಬೇಡಿ’ ಅನ್ನುವಂಥ ಮಾತು ಸಾಲದು. ‘ಎಡಕ್ಕೆ 50 ಡಿಗ್ರಿ ವಾಲಿದೆ, ಬಲಕ್ಕೆ ತಿರುಗಿಸಿ’ ಅನ್ನಬೇಕು. ದಿಕ್ಕು, ಅಳತೆ, ಏನು ಮಾಡಬೇಕು, ಮೂರೂ ಒಂದೇ ಉಸಿರಿನಲ್ಲಿ. ಎರಡು ಸಲ ಹೇಳಿದರೂ ಉತ್ತರ ಬಾರದಿದ್ದರೆ ‘ಐ ಹ್ಯಾವ್ ಕಂಟ್ರೋಲ್’ ಅಂತ ಹೇಳಿ ವಿಮಾನವನ್ನು ತನ್ನ ಕೈಗೆ ತೆಗೆದುಕೊಳ್ಳಬೇಕು. ಎದುರಿಗಿರುವವರು ಎಷ್ಟೇ ಹಿರಿಯರಾಗಿರಲಿ. ಹಿರಿಯರಿಗೆ ಎದುರಾಡಬಾರದು ಅಂತಲೇ ಬೆಳೆದ ನಮ್ಮಂಥವರಿಗೆ ಇದು ತಾನಾಗಿ ಬರುವುದಿಲ್ಲ, ಕಲಿಯಬೇಕು. ಕೊರಿಯನ್ ಏರ್ ಸ್ಟಾನ್‌ಸ್ಟೆಡ್ ನಂತರ ಕಾಕ್‌ಪಿಟ್‌ನ ಈ ನಡವಳಿಕೆಯನ್ನೇ ತಿದ್ದಿಕೊಂಡಿತು.

ನಾನು ರಾತ್ರಿ ವಿಮಾನ ಹತ್ತಲು ಹೆದರಬೇಕಾ?

ಬೇಡ. ಇಲ್ಲಿ ಹೇಳಿದ ಅಪಘಾತಗಳು ನಡೆದದ್ದು ಬೇರೆ ಬೇರೆ ದಶಕಗಳಲ್ಲಿ, ಬೇರೆ ಬೇರೆ ದೇಶಗಳಲ್ಲಿ. ದಿನವೂ ಸಾವಿರಾರು ವಿಮಾನಗಳು ರಾತ್ರಿ ಕಡಲ ಮೇಲೆ ಹಾರಿ ಸುರಕ್ಷಿತವಾಗಿ ಇಳಿಯುತ್ತವೆ.

ಕಿಟಕಿ ಪಕ್ಕ ಕೂತರೆ ವಿಮಾನ ವಾಲಿದ್ದು ನನಗೆ ತಿಳಿಯುತ್ತಾ?

ಹೊರಗೆ ಕಂಡರೆ ಮಾತ್ರ. ಬೇಕಿದ್ದರೆ ಮುಂದಿನ ಸಲ ಪರೀಕ್ಷೆ ಮಾಡಿ. ಎದುರಿನ ಟ್ರೇ ಮೇಲೆ ಅರ್ಧ ಲೋಟ ನೀರಿಟ್ಟು, ವಿಮಾನ ತಿರುಗುವಾಗ ನೋಡಿ. ರೆಕ್ಕೆ ಓರೆಯಾಗಿ ಕೆಳಗಿನ ಊರು ಕಿಟಕಿ ತುಂಬ ಕಂಡರೂ, ಲೋಟದ ನೀರು ಟ್ರೇಗೆ ಸಮವಾಗಿಯೇ ಇರುತ್ತದೆ. ಈಗ ಕಣ್ಣು ಮುಚ್ಚಿ, ಎಡಕ್ಕಾ ಬಲಕ್ಕಾ ಅಂತ ಊಹಿಸಿ, ಪಕ್ಕದವರನ್ನು ಕೇಳಿ. ನಿಮ್ಮ ಉತ್ತರ ತಪ್ಪಾಗಿದ್ದರೆ ಕಿವಿ ಕೆಟ್ಟಿದೆ ಅಂತ ಡಾಕ್ಟರ ಹತ್ತಿರ ಹೋಗಬೇಕಿಲ್ಲ. ಆರೋಗ್ಯವಂತ ಕಿವಿಗೂ ಅಷ್ಟೇ ಗೊತ್ತಾಗುವುದು.